ಉತ್ತರ ಬರೆಯುವ ಅಗತ್ಯವಿಲ್ಲ

ನೀರಿನ ಮೀಟರ್ ತಯಾರಿಸುವ ಆ ಕಾರ್ಖಾನೆಯಲ್ಲಿ ಶುಕ್ರವಾರ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಮುನ್ನೂರ ಹನ್ನೆರಡು ಜನರ ಫೋನುಗಳು ಒಟ್ಟಿಗೆ ಒಮ್ಮೆ ಗುಂಯ್ ಎನ್ನುತ್ತಿದ್ದವು. 'ಎರಡು ದಿನ' ಎಂಬ ವಾರದ ಪತ್ರ ಬಂತು ಎಂದು ಅರ್ಥ. ಅದನ್ನು ಬರೆಯುತ್ತಿದ್ದವಳು ಸಿಬ್ಬಂದಿ ವಿಭಾಗದ ಮೂಲೆಯ ಮೇಜಿನವಳು. ರಜೆ ಅರ್ಜಿ, ಹಾಜರಿ, ಗುರುತಿನ ಚೀಟಿ ಅವಳ ಸುಪರ್ದಿ. ವಯಸ್ಸು ಐವತ್ತಮೂರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಬೆನ್ನ ಹಿಂದೆ ಎಲ್ಲರಿಗೂ ಅವಳು ಶುಕ್ರವಾರದಕ್ಕ. ಎದುರಿಗೆ ಬಂದಾಗ ಮೇಡಂ.

ಪತ್ರ ಒಂದು ಪುಟ ಮೀರುತ್ತಿರಲಿಲ್ಲ. ವಾರಾಂತ್ಯಕ್ಕೆ ಹೋಗಿಬರಲು ಒಂದು ಜಾಗ, ಮನೆಯಲ್ಲಿ ಕೂತು ಮಾಡಲು ಒಂದು ಕೆಲಸ, ಕೊನೆಯಲ್ಲಿ 'ಸೋಮವಾರದ ಮಾತು'. ಈ ಸೋಮವಾರದ ಮಾತು ಎಂದರೆ ಮೈ ಮುರಿಯದೆ ತಲೆ ಓಡಿಸಿ ದುಡಿಯುವ ಉಪಾಯ. ಜಾಗ ಎಂದರೆ ದೊಡ್ಡ ಜಾಗವೇನಲ್ಲ. ಹದಿನಾಲ್ಕನೇ ನಂಬರಿನ ಬಸ್ಸನ್ನು ಮೊದಲ ನಿಲ್ದಾಣದಲ್ಲಿ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿಯಿರಿ, ಎಡಗಡೆ ಕಿಟಕಿ ಹಿಡಿಯಿರಿ, ನಡುವೆ ಇಳಿಯುವ ಆಸೆ ಬಂದರೂ ತಡೆದುಕೊಳ್ಳಿ, ಚೆನ್ನಾಗಿರುವುದು ಕೊನೆಯ ಇಪ್ಪತ್ತು ನಿಮಿಷ ಎಂದು ಬರೆಯುತ್ತಿದ್ದಳು. ಮನೆಯ ಕೀಲಿಕೈಗಳನ್ನೆಲ್ಲ ನೆಲಕ್ಕೆ ಸುರಿದು ಯಾವುದು ಯಾವ ಬೀಗದ್ದು ಹುಡುಕಿ, ಬೀಗವೇ ಇಲ್ಲದ ಕೀಲಿ ಎಷ್ಟು ಕಾಪಾಡಿಕೊಂಡು ಬಂದಿದ್ದೀರಿ ಎಂದು ನಗು ಬರುತ್ತದೆ ಎಂದು ಬರೆಯುತ್ತಿದ್ದಳು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಪ್ರತಿ ವಾರವೂ ಒಂದೇ ಸಾಲು: 'ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.'

ಆ ಸಾಲು ಹುಟ್ಟಿದ ಕತೆ ಹೇಳಲೇಬೇಕು. ಹನ್ನೊಂದು ವರ್ಷದ ಹಿಂದೆ ಆಗಿನ ಮ್ಯಾನೇಜರು, "ಸೋಮವಾರ ಬಂದರೆ ಎಲ್ಲರ ಮುಖ ಹರಳೆಣ್ಣೆ ಕುಡಿದ ಹಾಗಿರುತ್ತಲ್ಲ, ಏನಾದ್ರೂ ಬರೀರಿ" ಎಂದಿದ್ದರು. ಬರೆದಳು. ಮೊದಲ ಪತ್ರ ಹೋದ ಹತ್ತು ನಿಮಿಷಕ್ಕೆ ಒಬ್ಬರು 'ಧನ್ಯವಾದ' ಎಂದು ಉತ್ತರಿಸಿದರು. ಉತ್ತರಿಸಿದ್ದು ಅವಳೊಬ್ಬಳಿಗಲ್ಲ, ಗುಂಡಿ ತಪ್ಪಿ ಒತ್ತಿ ಇಡೀ ಕಾರ್ಖಾನೆಗೆ. ಅದನ್ನು ಕಂಡು ಇನ್ನೊಬ್ಬರು 'ನನ್ನದೂ ಧನ್ಯವಾದ' ಎಂದರು. ಮತ್ತೊಬ್ಬರು 'ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ' ಎಂದು ಎಲ್ಲರಿಗೂ ಉತ್ತರಿಸಿದರು. ಸಂಜೆಯ ಹೊತ್ತಿಗೆ ಧನ್ಯವಾದಗಳ ಸಂತೆ ನೆರೆದು, ಅದರಡಿ ಒಬ್ಬ ಗಿರಾಕಿಯ ತುರ್ತು ದೂರು ಹೂತುಹೋಗಿ, ಮಂಗಳವಾರ ಅದು ಸಿಕ್ಕಾಗ ಮ್ಯಾನೇಜರು ನಗಬೇಕೋ ಬಯ್ಯಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಮುಂದಿನ ಶುಕ್ರವಾರ ಅವಳು ಪತ್ರದ ಕೆಳಗೆ ಆ ಸಾಲು ಸೇರಿಸಿದಳು. ಸೋಮವಾರದ ಮಾತೂ ಅದೇ ಆಗಿತ್ತು: ನೀವು ಧನ್ಯವಾದ ಬರೆಯಲು ಒಂದು ನಿಮಿಷ, ನಾನು ಓದಲು ಒಂದು ನಿಮಿಷ, ಮುನ್ನೂರು ಜನ ಬರೆದರೆ ಹತ್ತು ಗಂಟೆ ಮಣ್ಣುಪಾಲು.

ಜನ ಎಂಥವರೆಂದರೆ, ನೂರು ಬುದ್ಧಿವಾದ ಹೇಳಿದರೂ ಶ್ರಮ ಉಳಿಸುವ ಒಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ. ಅಂದಿನಿಂದ ಒಬ್ಬರೂ ಉತ್ತರ ಬರೆಯಲಿಲ್ಲ. ಅಕ್ಕನಿಗೂ ಆಗ ಅದು ದೊಡ್ಡ ಜಾಣತನವೆಂದೇ ಕಂಡಿತ್ತು.

ಅವಳದು ಒಂದು ಹಟ: ಕಾಣದ ಜಾಗವನ್ನು ಬರೆಯಕೂಡದು. ಹಾಗಾಗಿ ಪ್ರತಿ ಶನಿವಾರ ಹೊಸದೊಂದು ಜಾಗ ನೋಡಿಕೊಂಡು ಬರುತ್ತಿದ್ದಳು. ವಸ್ತುಸಂಗ್ರಹಾಲಯದ ಎರಡನೇ ಮಹಡಿಯಲ್ಲಿ ಗಡಿಯಾರಗಳ ಕೋಣೆ, ಅಲ್ಲಿ ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಗ್ರಂಥಾಲಯದಲ್ಲಿ ಭೂಪಟ ಹಾಸುವ ಉದ್ದನೆಯ ಮೇಜು. ರೈಲು ಬರುವುದು ನಿಂತುಹೋದ ಒಂದು ಪ್ಲಾಟ್‌ಫಾರಂ. ಯಾವ ಬೆಂಚಿಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ, ಯಾವ ಬಾಗಿಲನ್ನು ಎತ್ತಿ ತಳ್ಳಬೇಕು, ಕುಡಿಯುವ ನೀರು ಎಲ್ಲಿದೆ, ಶೌಚಾಲಯದ ಚಿಲಕ ಸರಿಯಿದೆಯೇ, ಎಲ್ಲ ಟಿಪ್ಪಣಿ ಪುಸ್ತಕಕ್ಕೆ ಏರುತ್ತಿತ್ತು. ಬೆಂಚಿನಲ್ಲಿ ಇಬ್ಬರಿಗೆ ಜಾಗ ಸಾಕಾಗುತ್ತದೆಯೇ ನೋಡಲು ತನ್ನ ಕಂದು ಬಣ್ಣದ ದೊಡ್ಡ ಬ್ಯಾಗನ್ನು ಪಕ್ಕದಲ್ಲಿ ಕೂರಿಸುತ್ತಿದ್ದಳು. ಅವಳು ಪತ್ರ ಬರೆಯುತ್ತಿದ್ದುದು ಒಂಟಿ ಜನಕ್ಕಲ್ಲ. 'ಇಬ್ಬರು ಕೂತರೆ ಹದವಾದ ಬೆಂಚು', 'ಮಕ್ಕಳನ್ನು ಕರೆದೊಯ್ಯುವವರು ಟೋಪಿ ಮರೆಯಬೇಡಿ', 'ಮಾತಾಡುತ್ತಾ ನಡೆದರೆ ನಲವತ್ತು ನಿಮಿಷ, ಜಗಳವಾಡುತ್ತಾ ನಡೆದರೆ ಇಪ್ಪತ್ತೈದು' ಎಂದೆಲ್ಲ ಬರೆಯುತ್ತಿದ್ದಳು. ಜಗಳವಾಡುತ್ತಾ ನಡೆದ ಲೆಕ್ಕ ಅವಳಿಗೆ ಹೇಗೆ ಸಿಕ್ಕಿತೆಂದು ಕೇಳಬೇಡಿ. ಬ್ಯಾಗು ತೂಕವಿತ್ತು, ಅದರ ಜೊತೆಗೇ ಆಡಿರಬೇಕು.

ಮನೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಆರು ವರ್ಷದ ಹಿಂದಿನವರೆಗೆ ಅಲ್ಲಿ ಅಮ್ಮ ಇದ್ದಳು. ಮಂಡಿನೋವಿನಿಂದ ಮೆಟ್ಟಿಲಿಳಿಯದ ಅಮ್ಮ, ಶನಿವಾರ ಸಂಜೆ ಮಗಳು ಚಪ್ಪಲಿ ಬಿಡುವ ಸದ್ದಿಗೇ "ಹೇಗಿತ್ತೇ?" ಎನ್ನುತ್ತಿದ್ದಳು. ಮಗಳು ಹೇಳುತ್ತಿದ್ದಳು. ಹೇಳಿದ್ದರಲ್ಲಿ ಅಮ್ಮ ಯಾವುದಕ್ಕೆ ನಕ್ಕಳೋ ಯಾವುದಕ್ಕೆ ಹುಬ್ಬೇರಿಸಿದಳೋ ಅದು ಶುಕ್ರವಾರದ ಪತ್ರವಾಗುತ್ತಿತ್ತು. ಅಮ್ಮ ಹೋದ ಮೇಲೆ ಆ ಪ್ರಶ್ನೆ ಕೇಳುವವರು ಯಾರೂ ಉಳಿಯಲಿಲ್ಲ. ತಮ್ಮ ಇದ್ದ, ದೂರದಲ್ಲಿ, ಭಾನುವಾರ ಬೆಳಗ್ಗೆ ತಪ್ಪದೆ ನಾಲ್ಕು ನಿಮಿಷ ಫೋನು ಮಾಡುತ್ತಿದ್ದ. ಆರೋಗ್ಯ, ಊಟ, ಬಿಸಿಲು, ಸರಿ ಇಡ್ತೀನಿ. ಕೇಳದ ಪ್ರಶ್ನೆಗೆ ಅವಳು ವಾರಕ್ಕೊಮ್ಮೆ ಮುನ್ನೂರ ಹನ್ನೆರಡು ಜನರಿಗೆ ಉತ್ತರ ಬರೆಯುತ್ತಿದ್ದಳು. ಅವಳ ಬಾಳಿನಲ್ಲಿ ಬೇರೇನೂ ಇರಲಿಲ್ಲ ಎಂದರೆ ಅನ್ಯಾಯವಾದೀತು. ಆದರೆ ಇದ್ದದ್ದು ಬಹಳವೇನೂ ಇರಲಿಲ್ಲ.

ಇನ್ನೊಂದು ಗುಟ್ಟಿತ್ತು. ಶುಕ್ರವಾರ ಬರೆದ ಜಾಗಕ್ಕೆ ಅದೇ ಭಾನುವಾರ ಮತ್ತೆ ಹೋಗುತ್ತಿದ್ದಳು, ಯಾರಾದರೂ ಬಂದಿದ್ದಾರೆಯೇ ನೋಡಲು. ಬೆಂಚಿನಲ್ಲಿ ಬ್ಯಾಗು ಪಕ್ಕಕ್ಕಿಟ್ಟುಕೊಂಡು ಕೂತು ಬಂದುಹೋಗುವವರ ಮುಖ ನೋಡುತ್ತಿದ್ದಳು. ಒಮ್ಮೆ ಬಣ್ಣದ ವಿಭಾಗದ ಮೇಸ್ತ್ರಿ ಹೆಂಡತಿ ಮಕ್ಕಳೊಂದಿಗೆ ಬಂದದ್ದು ಕಂಡು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಕಂಬದ ಹಿಂದೆ ನಿಂತುಬಿಟ್ಟಳು. ಕಂಡರೆ, "ಮೇಡಂ, ಒಬ್ರೇ ಬಂದಿದ್ದೀರಾ?" ಎನ್ನುತ್ತಾರಲ್ಲ ಎಂಬ ಅಳುಕು. ಬರೆದ ಪತ್ರದಲ್ಲಿ ಮನೆ ತುಂಬ ಜನ ಇರುವಾಗ ಬರೆದವಳು ಒಂಟಿಯಾಗಿ ಸಿಕ್ಕಿಬೀಳುವುದು ಅವಳಿಗೆ ಕಳ್ಳತನದಷ್ಟೇ ನಾಚಿಕೆಯಾಗಿತ್ತು.

ಈ ಕತೆಗೆ ಇನ್ನೊಬ್ಬರು ಬೇಕು, ಉಗ್ರಾಣದವರು. ಮೀಟರಿಗೆ ಬೇಕಾದ ತಿರುಪು, ವಾಷರು, ಗಾಜು, ಮುದ್ರೆಯ ತಂತಿ ಎಲ್ಲ ಜಾಲರಿ ಕಿಟಕಿಯ ಹಿಂದೆ ನಿಂತು ಎಣಿಸಿ ಕೊಡುತ್ತಿದ್ದ ನೀಲಿ ಕೋಟಿನ ಮನುಷ್ಯ. ಮಾತು ಮುತ್ತಿನಷ್ಟೇ ಅಪರೂಪ. ಪ್ರತಿ ಡಬ್ಬಿಯ ಹೊರಗೂ ಒಳಗಿರುವ ತಿರುಪಿನದೇ ಒಂದು ಮಾದರಿಯನ್ನು ಅಂಟಿಸಿದ್ದರು. ಓದಬೇಕಿಲ್ಲ, ಕಣ್ಣಾಡಿಸಿದರೆ ಸಾಕು. ಪೆನ್ಸಿಲನ್ನು ದಾರದಿಂದ ಕಿಸೆಗೆ ಕಟ್ಟಿಕೊಂಡಿದ್ದರು. ಅಕ್ಕ ಇವೆರಡನ್ನೂ ಕದ್ದು ಸೋಮವಾರದ ಮಾತು ಮಾಡಿದ್ದಳು: 'ಪೆನ್ಸಿಲು ಹುಡುಕುವುದೂ ಕೆಲಸವೇ, ಆದರೆ ಅದಕ್ಕೆ ಯಾರೂ ಶಭಾಷ್ ಅನ್ನುವುದಿಲ್ಲ.' ಯಾರಿಂದ ಕಲಿತೆ ಎಂದು ಬರೆದಿರಲಿಲ್ಲ. ಎರಡು ವರ್ಷದ ಹಿಂದೆ ನಿವೃತ್ತಿಯ ದಿನ ಉಗ್ರಾಣದವರು ಗುರುತಿನ ಚೀಟಿ ಒಪ್ಪಿಸಲು ಅವಳ ಮೇಜಿಗೆ ಬಂದರು. ನಿಂತರು. ಹೊರಟವರು ಮತ್ತೆ ತಿರುಗಿ, "ಮೇಡಂ, ಆ ಶುಕ್ರವಾರದ ಪತ್ರ ನನಗೆ ಬರ್ತಾ ಇರ್ಲಿ," ಎಂದರು. ಹೋದವರ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಅವಳ ಕೆಲಸ. ಅದೊಂದು ಹೆಸರನ್ನು ತೆಗೆಯಲಿಲ್ಲ, ಅಷ್ಟೆ. ಆಮೇಲೆ ಅದನ್ನು ಮರೆತೂಬಿಟ್ಟಳು.

ಹೊಸ ಮ್ಯಾನೇಜರು ಬಂದದ್ದು ವರ್ಷದ ಆರಂಭದಲ್ಲಿ. ಚುರುಕು ಮನುಷ್ಯ, ನಲವತ್ತು ದಾಟಿಲ್ಲ, ಯಾರ ಮೇಲೂ ದನಿಯೇರಿಸದವರು. ಬಂದ ಎರಡು ತಿಂಗಳಿಗೆ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಬರೆದುಕೊಡಿ ಎಂದರು. ಅಕ್ಕ ಪ್ರಾಮಾಣಿಕವಾಗಿ ಬರೆದಳು: 'ಎರಡು ದಿನ' ಪತ್ರ, ವಾರಕ್ಕೆ ನಾಲ್ಕು ಗಂಟೆ. ಮರುದಿನ ಒಳಗೆ ಕರೆದರು.

"ಮೇಡಂ, ನಿಮ್ಮ ಹಳೇ ಪತ್ರಗಳನ್ನೆಲ್ಲ ಕೂತು ಓದಿದೆ. ಸೋಮವಾರದ ಮಾತು ಇದೆಯಲ್ಲ, ಬಹಳ ಚೆನ್ನಾಗಿದೆ."

ಹನ್ನೊಂದು ವರ್ಷದಲ್ಲಿ ಮೊದಲ ಹೊಗಳಿಕೆ. ಅಕ್ಕನ ಕಿವಿ ಬಿಸಿಯಾಯಿತು. "ಏನೋ, ಸುಮ್ನೆ ತೋಚಿದ್ದು ಸಾರ್."

"ಸುಮ್ನೆ ಅಲ್ಲ. ಇದು ನೋಡಿ." ಪರದೆ ತಿರುಗಿಸಿ ಓದಿದರು: "'ಒಂದು ಕೆಲಸ ಬೇಕೋ ಬೇಡವೋ ತಿಳಿಯಬೇಕಾದರೆ ಯಾರಿಗೂ ಹೇಳದೆ ಮೂರು ವಾರ ಬಿಟ್ಟು ನೋಡಿ. ಯಾರೂ ಕೇಳದಿದ್ದರೆ ಅದು ಕೆಲಸವಲ್ಲ, ಅಭ್ಯಾಸ.' ಇದನ್ನ ನಾನು ಎಲ್ಲ ವಿಭಾಗದಲ್ಲೂ ಮಾಡಿಸ್ತಾ ಇದ್ದೀನಿ. ಆರು ಬಗೆಯ ವರದಿ ನಿಂತು ಹೋದ್ವು, ಒಬ್ರೂ ಕೇಳ್ಲಿಲ್ಲ!"

ಮುಂದಿನ ಮಾತು ಏನೆಂದು ಅಕ್ಕನಿಗೆ ಆಗಲೇ ಗೊತ್ತಾಗಿತ್ತು.

"ನಿಮ್ಮ ಪತ್ರಕ್ಕೂ ಅದೇ ಮಾಡೋಣ. ಬೇಜಾರಿಲ್ಲ ತಾನೆ? ಮೂರು ವಾರ ಕಳಿಸ್ಬೇಡಿ. ಯಾರಿಗೂ ಹೇಳ್ಬೇಡಿ. ಒಬ್ರು, ಒಬ್ಬೇ ಒಬ್ರು ಕೇಳಿದ್ರೂ ಸಾಕು, ಮುಂದುವರಿಸೋಣ."

ತಾನು ಹೆಣೆದ ಬಲೆಗೆ ತಾನೇ ಬೀಳುವುದೆಂದರೆ ಇದೇ. ತನ್ನ ಮಾತಿಗೆ ತಾನೇ ಎದುರು ವಾದಿಸುವುದು ಹೇಗೆ? "ಆಗಲಿ ಸಾರ್," ಎಂದು ಎದ್ದು ಬಂದಳು. ಒಬ್ಬರು ಸಾಕು. ಮುನ್ನೂರ ಹನ್ನೆರಡರಲ್ಲಿ ಒಬ್ಬರು. ಅಷ್ಟಕ್ಕೆ ಯಾಕೆ ಹೆದರಬೇಕು ಎಂದು ಮೆಟ್ಟಿಲಿಳಿಯುತ್ತಾ ತನಗೆ ತಾನೇ ಹೇಳಿಕೊಂಡಳು. ಹೆದರಿಕೆ ಆಗುತ್ತಲೇ ಇತ್ತು.

ಮೊದಲ ಶುಕ್ರವಾರ ಮೂರೂ ಮುಕ್ಕಾಲಾಯಿತು. ಯಾವ ಫೋನೂ ಗುಂಯ್ ಎನ್ನಲಿಲ್ಲ. ಅಕ್ಕ ಒಂದು ರಜೆ ಅರ್ಜಿಯನ್ನು ಮೂರು ಸಲ ಓದಿದಳು. ನಾಲ್ಕಾಯಿತು, ಐದೂವರೆಯಾಯಿತು, ಜನ ಬ್ಯಾಗು ಹೆಗಲಿಗೇರಿಸಿ ನಗುತ್ತಾ ಹೋದರು. ಪಕ್ಕದ ಮೇಜಿನ ಟೆಲಿಫೋನ್ ಆಪರೇಟರು ಮಾತ್ರ, "ಇವತ್ತೇನೋ ಮರೆತ ಹಾಗಿದೆಯಲ್ಲ," ಎಂದಳು. ಅಕ್ಕ ತಲೆಯೆತ್ತಿದಳು. ಆಕೆ ತನ್ನ ಊಟದ ಡಬ್ಬಿ ಹುಡುಕುತ್ತಿದ್ದಳು. ಅದು ಸಿಕ್ಕಿತು, ಹೋದಳು.

ಶನಿವಾರ ಅಭ್ಯಾಸಬಲದಿಂದ ಹೊರಟಳು. ಊರಾಚೆಯ ಕೆರೆಯ ದಂಡೆಯಲ್ಲಿ ಹಳೆಯ ಪಂಪ್‌ಹೌಸ್ ಇದೆ, ಈಗ ಬೀಗ ಹಾಕಿದೆ. ಅದರ ಹಿಂಬದಿಯ ಗೋಡೆಗೆ ಒರಗಿಸಿ ಯಾರೋ ಕಲ್ಲಿನ ಬೆಂಚು ಹಾಕಿಸಿದ್ದಾರೆ. ನಾಲ್ಕು ಗಂಟೆಗೆ ಗೋಡೆಯ ನೆರಳು ಸರಿಯಾಗಿ ಬೆಂಚನ್ನಷ್ಟೇ ಮುಚ್ಚುತ್ತದೆ, ಎದುರಿಗೆ ನೀರು ಮಾತ್ರ ಬಿಸಿಲಲ್ಲಿರುತ್ತದೆ. ಇಷ್ಟು ಒಳ್ಳೆಯ ಜಾಗ ಅವಳಿಗೆ ಒಂದೆರಡು ವರ್ಷದಿಂದ ಸಿಕ್ಕಿರಲಿಲ್ಲ. ಬ್ಯಾಗು ಪಕ್ಕಕ್ಕಿಟ್ಟಳು. ಇಬ್ಬರಿಗೆ ಧಾರಾಳ. ಟಿಪ್ಪಣಿ ಪುಸ್ತಕ ತೆಗೆದು 'ನಾಲ್ಕು ಗಂಟೆ, ನೆರಳು' ಎಂದು ಬರೆದವಳು ನಿಲ್ಲಿಸಿದಳು. ಯಾರಿಗೆ ಬರೆಯುತ್ತಿದ್ದೇನೆ? ಅಮ್ಮ ತೀರಿಹೋದ ವರ್ಷವೂ ಇಷ್ಟು ಒಂಟಿಯೆನಿಸಿರಲಿಲ್ಲ. ಆಗ ಹೇಳಿಕೊಳ್ಳಲು ಪತ್ರವಾದರೂ ಇತ್ತು.

ಭಾನುವಾರ ತಮ್ಮ ಫೋನು ಮಾಡಿದ. "ಅಕ್ಕ, ಊಟ ಆಯ್ತಾ?"

"ಆಯ್ತು ಕಣೋ. ನಿನ್ನೆ ಒಂದು ಜಾಗಕ್ಕೆ ಹೋಗಿದ್ದೆ..."

"ಹೂಂ, ನೀನು ಬಿಡು, ಸುತ್ತೋದ್ರಲ್ಲಿ ಎತ್ತಿದ ಕೈ. ನಮ್ಗೆಲ್ಲಿ ಪುರಸೊತ್ತು. ಮಾತ್ರೆ ತಗೊಳ್ತಿದ್ದೀಯ ತಾನೆ? ಸರಿ, ಇಡ್ತೀನಿ."

ತಮ್ಮನ ತಪ್ಪಲ್ಲ. ಅವಳೇ ಇಷ್ಟು ವರ್ಷ ತನಗೆ ಏನೂ ಕಡಿಮೆಯಿಲ್ಲವೆಂಬ ಹಾಗೆ ಮಾತಾಡಿ ಎಲ್ಲರನ್ನೂ ನಂಬಿಸಿದ್ದಳು.

ಎರಡನೇ ವಾರ ಜೋಡಣೆ ವಿಭಾಗದ ಒಬ್ಬರು ಮೇಜಿನ ಮುಂದೆ ಬಂದು ತಲೆ ಕೆರೆದುಕೊಂಡರು. "ಮೇಡಂ, ಒಂದು ಕೇಳ್ಬೇಕಿತ್ತು. ಹೋದ ವಾರಾನೇ ಕೇಳೋಣ ಅಂದ್ಕೊಂಡೆ..."

ಅಕ್ಕ ಪೆನ್ನು ಕೆಳಗಿಟ್ಟಳು. "ಕೇಳಿ, ಸಂಕೋಚ ಯಾಕೆ?"

"ಗುರುತಿನ ಚೀಟಿಯ ಪಟ್ಟಿ ಕಿತ್ತುಹೋಗಿದೆ. ಹೊಸದು ಸಿಗುತ್ತಾ?"

ಖಾನೆಯಿಂದ ಹೊಸ ಪಟ್ಟಿ ತೆಗೆದುಕೊಟ್ಟಳು. ಅವರು ಹೋದ ಮೇಲೆ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡಳು. ಮೂರನೇ ವಾರ ಅದೂ ಇಲ್ಲ. ಲಿಫ್ಟಿನಲ್ಲಿ, ಊಟದ ಕೋಣೆಯಲ್ಲಿ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಬೇಕೆಂದೇ ನಿಂತಳು. ಜನ ನಮಸ್ಕಾರ ಹೇಳಿ ಮುಂದೆ ಹೋದರು.

ನಾಲ್ಕನೇ ಸೋಮವಾರ ಮ್ಯಾನೇಜರು ಕರೆದರು. "ಯಾರಾದ್ರೂ ಕೇಳಿದ್ರಾ ಮೇಡಂ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಯಾರು ಎಂದು ಅವರು ಕೇಳುವ ಪೈಕಿ ಅಲ್ಲ. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಕೇಳದವರ ಹೆಸರಲ್ಲಿ ಬರೆಯುವ ಪತ್ರವನ್ನು ಯಾವ ಮುಖವಿಟ್ಟುಕೊಂಡು ಬರೆಯುವುದು? "ಇಲ್ಲ ಸಾರ್, ಯಾರೂ ಕೇಳ್ಲಿಲ್ಲ."

ಅವರ ಮುಖವೂ ಸ್ವಲ್ಪ ಸಪ್ಪಗಾಯಿತು. ಕೆಟ್ಟವರಲ್ಲ, ಪಾಪ. "ಇದೇ ಶುಕ್ರವಾರ ಕೊನೇದೊಂದು ಕಳಿಸಿಬಿಡಿ. ಹೇಳದೆ ಕೇಳದೆ ನಿಲ್ಲಿಸೋದು ಬೇಡ. ನಿಮ್ಗೂ ವಾರಕ್ಕೆ ನಾಲ್ಕು ಗಂಟೆ ಉಳೀತು ನೋಡಿ."

ಉಳಿದ ನಾಲ್ಕು ಗಂಟೆಯನ್ನು ಏನು ಮಾಡುವುದೆಂದು ಅವಳ ಯಾವ ಸೋಮವಾರದ ಮಾತಿನಲ್ಲೂ ಬರೆದಿರಲಿಲ್ಲ.

ಕೊನೆಯ ಪತ್ರದಲ್ಲಿ ಪಂಪ್‌ಹೌಸಿನ ಬೆಂಚನ್ನು ಬರೆದಳು. ಮನೆಗೆಲಸ ಬರೆಯಲಿಲ್ಲ. ಸೋಮವಾರದ ಮಾತಿಗೆ, 'ಉಗ್ರಾಣದ ಡಬ್ಬಿಯ ಮೇಲೆ ತಿರುಪು ಅಂಟಿಸುವ ಉಪಾಯ, ಪೆನ್ಸಿಲಿಗೆ ದಾರ ಕಟ್ಟುವ ಉಪಾಯ ನನ್ನವಲ್ಲ, ಹಿಂದಿನ ಉಗ್ರಾಣದವರದು. ಹೇಳಲು ತಡವಾಯಿತು' ಎಂದು ಬರೆದಳು. ಇದು ಕೊನೆಯ ಪತ್ರ, ಇಷ್ಟು ದಿನ ಓದಿದ್ದಕ್ಕೆ ಉಪಕಾರ ಎಂದಳು. ಅದರ ಕೆಳಗೆ ಬೆರಳುಗಳು ತಾವೇ ಓಡಿ ಆ ಸಣ್ಣ ಸಾಲನ್ನು ಟೈಪ್ ಮಾಡಿದವು.

ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.

ಅಕ್ಕ ಅದನ್ನು ಮೊದಲ ಸಲ ಓದುವವಳಂತೆ ಓದಿದಳು. ಹನ್ನೊಂದು ವರ್ಷ, ವಾರ ವಾರವೂ, ಮುನ್ನೂರು ಜನರನ್ನು ಬಾಗಿಲವರೆಗೆ ಕರೆದು ಅವರ ಮುಖದ ಮೇಲೇ ಬಾಗಿಲು ಹಾಕಿದ್ದವಳು ತಾನೇ. ಒಳಗೆ ಕೂತು ಯಾರೂ ಬರಲಿಲ್ಲವೆಂದು ಕಣ್ಣೀರಿಟ್ಟವಳೂ ತಾನೇ. ಕೇಳಬೇಡಿ ಎಂದು ಕಲಿಸಿ, ಕೇಳುತ್ತಾರೆಯೇ ಎಂದು ಕಾದದ್ದು ಎಂಥ ದಡ್ಡತನ! ಜಾಣತನದ ಪಾಠ ಹೇಳುವವರ ತಲೆಯಲ್ಲೇ ಇಂಥ ತೂತು ಇರುತ್ತದೆ. ಒಂದೊಂದೇ ಅಕ್ಷರ ಅಳಿಸಿದಳು. ಮೂರೂ ಮುಕ್ಕಾಲಿಗೆ ಪತ್ರ ಹೋಯಿತು.

ಮೂರೂ ಐವತ್ತಕ್ಕೆ ಮೊದಲ ಉತ್ತರ ಬಂತು. ಸಂಜೆಯೊಳಗೆ ಇಪ್ಪತ್ತು, ಸೋಮವಾರದೊಳಗೆ ಐವತ್ತೆಂಟು. ಆ ಭಾನುವಾರ ಅವಳು ಎಲ್ಲಿಗೂ ಹೋಗಲಿಲ್ಲ. ಮಂಚದ ಮೇಲೆ ಕೂತು ಓದಿದಳು. 'ಹದಿನಾಲ್ಕನೇ ನಂಬರ್ ಬಸ್ಸಲ್ಲಿ ನನ್ನ ಮಗಳು ಮೊದಲ ಸಲ ಓದೋಕೆ ಶುರು ಮಾಡಿದ್ದು, ಅಂಗಡಿ ಬೋರ್ಡು ನೋಡ್ಕೊಂಡು.' 'ಕೀಲಿಕೈ ಸುರಿದ ದಿನ ಅಪ್ಪನ ಪೆಟ್ಟಿಗೆ ತೆರೆಯಿತು ಮೇಡಂ.' 'ಮೂರು ವಾರ ಬರಲಿಲ್ಲ, ಕೇಳೋಣ ಅಂದ್ಕೊಂಡೆ, ನೀವೇ ಬರೀಬೇಡಿ ಅಂದಿದ್ರಲ್ಲ.' ಕೊನೆಯ ಮಾತನ್ನು ಹನ್ನೊಂದು ಜನ ಬರೆದಿದ್ದರು, ಹೆಚ್ಚು ಕಡಿಮೆ ಅದೇ ಪದಗಳಲ್ಲಿ. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು.

ಆದರೆ ಓದುತ್ತಾ ಹೋದಂತೆ ಇನ್ನೊಂದು ಎದ್ದು ಬಂತು. 'ನಿಮ್ಮ ಮನೆಯವರು ಪುಣ್ಯವಂತರು, ವಾರ ವಾರ ಇಷ್ಟೆಲ್ಲ ತೋರಿಸ್ತೀರಿ.' 'ನಿಮ್ಮ ಮಕ್ಕಳಿಗೂ ನಮ್ಮ ನೆನಪು ಹೇಳಿ.' 'ನಮ್ಮವರು ಬೆಂಚಲ್ಲಿ ಅರ್ಧ ಗಂಟೆ ಕೂರಲ್ಲ, ನಿಮ್ಮವರನ್ನ ಹೇಗೆ ಒಪ್ಪಿಸ್ತೀರಿ ಅದೊಂದು ಹೇಳ್ಕೊಡಿ.' ಐವತ್ತೆಂಟು ಜನ ಪ್ರೀತಿಯಿಂದ ಬರೆದದ್ದು ನಿಜ. ಬರೆದದ್ದು ಮಾತ್ರ ಇನ್ಯಾರಿಗೋ, ಗಂಡ ಮಕ್ಕಳ ಜೊತೆ ಬುತ್ತಿ ಕಟ್ಟಿಕೊಂಡು ತಿರುಗುವ ಒಬ್ಬ ಹೆಂಗಸಿಗೆ. ಆ ಹೆಂಗಸನ್ನು ಕಟ್ಟಿದವಳು ತಾನೇ ಆದ್ದರಿಂದ ಯಾರನ್ನು ದೂರುವುದು?

ಮಂಗಳವಾರ ಮ್ಯಾನೇಜರು ತಾವೇ ಮೇಜಿನ ಹತ್ತಿರ ಬಂದರು. ಕೆಲವರು ಅವರಿಗೂ ಬರೆದಿದ್ದರಂತೆ. "ತಿಂಗಳಿಗೊಂದು ಬೇಕಾದ್ರೆ ಬರೀರಿ ಮೇಡಂ," ಎಂದರು. ಅಕ್ಕ, "ನೋಡೋಣ ಸಾರ್," ಎಂದಳು.

ಬುಧವಾರ ಐವತ್ತೊಂಬತ್ತನೆಯದು ಬಂತು.

'ಮೇಡಂ ಅವರಿಗೆ ನಮಸ್ಕಾರ. ಉಗ್ರಾಣದವನು ಬರೆಯುತ್ತಿದ್ದೇನೆ. ಫೋನಿನಲ್ಲಿ ಅಕ್ಷರ ಹುಡುಕಿ ಒತ್ತುವುದು ನನಗೆ ನಿಧಾನ, ಅದಕ್ಕೇ ಬುಧವಾರ ಆಯಿತು. ಡಬ್ಬಿಯ ವಿಷಯ ಬರೆದಿರಿ, ಸಂತೋಷ. ಈ ಸಲ ಕೆಳಗೆ ಆ ಸಾಲು ಇರಲಿಲ್ಲ. ಮರೆತಿರಬಹುದೇನೋ ಎಂದು ಎರಡು ಸಲ ನೋಡಿದೆ. ಇಲ್ಲದ್ದರಿಂದ ಬರೆಯುತ್ತಿದ್ದೇನೆ.

'ನೀವು ಬರೆದ ಜಾಗಗಳಿಗೆಲ್ಲ ನಾನು ಹೋಗಿದ್ದೇನೆ. ಮನೆಯವಳು ತೀರಿಕೊಂಡ ಮೇಲೆ ಭಾನುವಾರ ಬಹಳ ಉದ್ದವಾಗಿತ್ತು. ಅಲ್ಲೆಲ್ಲ ನಿಮ್ಮನ್ನು ಆರು ಸಲ ನೋಡಿದೆ. ಗಡಿಯಾರದ ಕೋಣೆಯಲ್ಲಿ ಒಮ್ಮೆ, ರೈಲು ಬರದ ಪ್ಲಾಟ್‌ಫಾರಂನಲ್ಲಿ ಎರಡು ಸಲ. ಮಾತಾಡಿಸೋಣ ಎಂದು ಪ್ರತಿ ಸಲವೂ ಅನಿಸಿತು. ನಿಮ್ಮ ಪಕ್ಕದಲ್ಲಿ ಬ್ಯಾಗು ಇರುತ್ತಿತ್ತು. ಮನೆಯವರಿಗೆ ಜಾಗ ಹಿಡಿದಿದ್ದೀರಿ, ಈಗ ಬರುತ್ತಾರೆ ಎಂದುಕೊಂಡೆ. ಒಂದು ಸಲ ಅವರು ಬರುವುದನ್ನು ನೋಡಿಕೊಂಡೇ ಹೋಗೋಣ ಎಂದು ಆಚೆ ಬೆಂಚಿನಲ್ಲಿ ಒಂದೂವರೆ ಗಂಟೆ ಕೂತೆ. ಯಾರೂ ಬರಲಿಲ್ಲ, ನೀವು ಎದ್ದು ಹೋದಿರಿ. ಆಗಲೂ ಮಾತಾಡಿಸಲಿಲ್ಲ. ಉತ್ತರ ಬೇಡ ಎಂದವರ ಹತ್ತಿರ ಹೋಗಿ ನಿಲ್ಲುವುದು ಸರಿಯಲ್ಲ ಅನಿಸಿತು.

'ಒಂದು ತಿಂಗಳ ಹಿಂದೆ ಮನೆ ಖಾಲಿ ಮಾಡಿ ತಂಗಿಯ ಊರಿಗೆ ಬಂದುಬಿಟ್ಟೆ. ರೈಲಿನಲ್ಲಿ ಹನ್ನೊಂದು ಗಂಟೆ. ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇಲ್ಲಿ ಭಾನುವಾರ ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ. ಪಂಪ್‌ಹೌಸಿನ ಬೆಂಚಿನ ಬಗ್ಗೆ ಬರೆದದ್ದು ಓದಿದೆ. ನಾಲ್ಕು ಗಂಟೆಯ ನೆರಳು ಅಂದಿದ್ದೀರಿ. ಅದೊಂದು ನೋಡುವುದಾಗಲಿಲ್ಲ.'

ಅಕ್ಕ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗಡಿಯಾರದ ಕೋಣೆ ಕಣ್ಣಿಗೆ ಕಟ್ಟಿತು. ಮೂಲೆಯ ಗಡಿಯಾರದ ಮುಂದೆ ಟೋಪಿ ಹಾಕಿಕೊಂಡು ಬಾಗಿ ನಿಂತಿದ್ದ ಒಬ್ಬ ಗಂಡಸಿದ್ದ, ಹೌದು. ತುಂಬ ಹೊತ್ತು ನಿಂತಿದ್ದ. ನೀಲಿ ಕೋಟಿಲ್ಲದೆ, ಜಾಲರಿ ಕಿಟಕಿಯಿಲ್ಲದೆ, ಅವಳಿಗೆ ಗುರುತೇ ಹತ್ತಿರಲಿಲ್ಲ. ಒಂಟಿಯಾಗಿ ಬಂದವರ ಮುಖವನ್ನು ಅವಳು ನೋಡುತ್ತಲೂ ಇರಲಿಲ್ಲ, ಅವಳ ಕಣ್ಣು ಸಂಸಾರಗಳನ್ನೇ ಹುಡುಕುತ್ತಿತ್ತು. ಆರು ಭಾನುವಾರ. ಒಂದರಲ್ಲಿ ಒಂದೂವರೆ ಗಂಟೆ. ನಡುವೆ ಇದ್ದದ್ದು ಒಂದು ಬ್ಯಾಗು, ಒಂದು ಸಾಲು. ಎರಡನ್ನೂ ಇಟ್ಟವಳು ಅವಳೇ.

ಶುಕ್ರವಾರ ಮೂರೂ ಮುಕ್ಕಾಲಿಗೆ ಒಬ್ಬರಿಗೆ ಪತ್ರ ಬರೆದಳು. ಆ ಊರನ್ನು ತಾನು ಕಂಡಿಲ್ಲ, ಕಾಣದ ಜಾಗವನ್ನು ಬರೆಯುವ ರೂಢಿ ತನಗಿಲ್ಲ, ಆದ್ದರಿಂದ ಈ ಸಲ ನೀವೇ ಒಂದು ಜಾಗ ನೋಡಿ ಬರೆಯಬೇಕು, ಬೆಂಚು ಎಷ್ಟು ಅಗಲ, ನೆರಳು ಎಷ್ಟು ಹೊತ್ತಿಗೆ ಎಂದೂ ಬರೆಯಬೇಕು ಎಂದಳು. 'ಆ ಬ್ಯಾಗು ಯಾರಿಗೂ ಜಾಗ ಹಿಡಿದದ್ದಲ್ಲ. ನನಗೆ ಬರುವವರು ಯಾರೂ ಇರಲಿಲ್ಲ' ಎಂದು ಬರೆದಳು. ಹೀಗೆ ನೇರವಾಗಿ ಅದನ್ನು ಅವಳು ಎಲ್ಲೂ, ಯಾರಿಗೂ ಬರೆದದ್ದಿಲ್ಲ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಲ್ಲ, ಉಳಿದದ್ದರಷ್ಟೇ ದಪ್ಪಗೆ, 'ಇದಕ್ಕೆ ಉತ್ತರ ಬೇಕು' ಎಂದು ಸೇರಿಸಿ ಕಳಿಸಿದಳು.

ಭಾನುವಾರ ಪಂಪ್‌ಹೌಸಿಗೆ ಹೋದಳು. ನಾಲ್ಕು ಗಂಟೆಗೆ ನೆರಳು ಬೆಂಚಿನ ತುದಿಗೆ ಬಂದು ನಿಂತಿತು. ಅಕ್ಕ ಒಂದು ಬದಿಗೆ ಸರಿದು ಕೂತು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬ್ಯಾಗು ಭಾರವಿತ್ತು, ಕಾಲು ಜೋಮು ಹಿಡಿಯಿತು, ಆದರೂ ಕೆಳಗಿಳಿಸಲಿಲ್ಲ. ಫೋನು ಅದರ ಮೇಲಿತ್ತು, ಉತ್ತರ ಇನ್ನೂ ಬಂದಿರಲಿಲ್ಲ. ನೆರಳು ನೀರಿನವರೆಗೆ ಹೋಗುವ ತನಕ ಹಾಗೇ ಕೂತಿದ್ದಳು. ಪಕ್ಕದ ಜಾಗ ಖಾಲಿಯೇ ಇತ್ತು.